ಗೋಡೆಗೆ ಬೈಯಲು ಬಂದ ಗೌಂಡಿ

ಆ ಮನೆಯ ಗೋಡೆ ತಟ್ಟಿ ನೋಡಿದ್ದು ಗೋಡೆ ಕಟ್ಟುವ ಗೌಂಡಿ. ಅಥವಾ ಗೌಂಡಿಯಲ್ಲ, ನಾನೇ ಇರಬಹುದು. ಅವನ ಕೈಯಲ್ಲಿ ಗಾರೆ ಬಳಿಯುವ ಕರಣಿ ಇದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಬರೀ ಮನೆ ನೋಡಲು ಬಂದವನು ಕರಣಿ ಯಾಕೆ ತರುತ್ತಾನೆ? ಅದನ್ನು ನೆನಪೇ ಆಮೇಲೆ ಅವನ ಕೈಗೆ ಕೊಟ್ಟಿರಬೇಕು.

ಬಸವಕಲ್ಯಾಣದ ಕೋಟೆ ಹತ್ತಿರದ ಆ ಹಳೆಯ ಮಣ್ಣಿನ ಮನೆ ನನ್ನ ಹೆಂಡತಿಗೆ ಬೇಕಾಗಿತ್ತು. ಇದರಲ್ಲಿ ಅನುಮಾನವಿಲ್ಲ. ಹುಮನಾಬಾದಿನಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿದ್ದೆವು. ಒಂದು ಮೊಳೆ ಹೊಡೆಯಲೂ ಮಾಲೀಕರನ್ನು ಕೇಳಬೇಕಿತ್ತು. ಈ ಮನೆಯನ್ನು ದುರಸ್ತಿ ಮಾಡಿಸಿಕೊಂಡು ಇರೋಣ ಎಂದಳು.

ನಮ್ಮ ಕಡೆ ಮನೆ ಕೊಳ್ಳುವವರು ಜೊತೆಗೊಬ್ಬ ಗೌಂಡಿಯನ್ನು ಕರೆದೊಯ್ಯುತ್ತಾರೆ. ಮಾರುವವರ ಎದುರಿಗೇ ಮನೆಯನ್ನು ಹಳಿಯುವುದು ಅವನ ಕೆಲಸ; ಬೆಲೆ ಇಳಿಯಲಿ ಅಂತ. ಮಾಣಿಕನಗರದ ಚಹಾದಂಗಡಿಯಲ್ಲಿ ನಾನೂ ಅವನಿಗೆ ಹೇಳಿದ್ದೆ: "ಉಸ್ತಾದ್, ಜರಾ ಜೋರಾಗೇ ಬೈರಿ." ಹೆಂಡತಿಗೆ ಹೇಳಿರಲಿಲ್ಲ. ಅವಳಿಗೆ ನಟಿಸಲು ಬರುವುದಿಲ್ಲ ಎಂದುಕೊಂಡದ್ದು ನನ್ನ ಜಾಣತನ.

"ಏನ್ ಮನೀರಿ ಇದು!" ಆ ಮನೆಯೊಳಗೆ ಕಾಲಿಟ್ಟವನೇ ಗೌಂಡಿ ಶುರು ಮಾಡಿದ. "ಮಣ್ಣಿನ ಗೋಡಿಗಿ ಸಿಮೆಂಟ್ ಬಳದಾರ. ನೀರಿನ ಥಂಡಿ ಹೊರಗ ಬರಲಾರ್ದ ಗೋಡಿ ಒಳಗೇ ಕೊಳತದ. ಸೀನಿದ್ರ ಬೀಳತದ."

ಮನೆಯೊಡತಿ ಚಹಾದ ಕಪ್ಪು ನನ್ನ ಮುಂದಿಟ್ಟಳು. "ಬ್ಯಾಡಂದ್ರ ಬ್ಯಾಡನ್ರಿ ಭಯ್ಯಾ. ನಮ್ಮ ಅಬ್ಬಾ ಕಟ್ಟಿದ ಗೋಡಿಗಿ ಯಾಕ ಬಯ್ಯಾಕತ್ತೀರಿ?"

ಹೆಂಡತಿ ಗೋಡೆಯ ಮೇಲಿಟ್ಟಿದ್ದ ಕೈ ತೆಗೆದಳು.

ಬಸ್ಸಿನಲ್ಲಿ ಅವಳೆಂದಳು: "ಮಕ್ಕಳ ಮ್ಯಾಲೆ ಬಿದ್ರ ಹ್ಯಾಂಗ್ರಿ? ಬ್ಯಾಡ ಬಿಡ್ರಿ."

ಅದು ನಾಟಕ ಎನ್ನಬೇಕಿತ್ತು. ಎನ್ನಲಿಲ್ಲ. ಹುಮನಾಬಾದಿನಲ್ಲಿ ಇಳಿದ ಮೇಲೆ ಗೌಂಡಿಯನ್ನು ಪಕ್ಕಕ್ಕೆ ಕರೆದು ಕೇಳಿದೆ: "ಉಸ್ತಾದ್, ಖರೇನೇ ಕೊಳತದೇನ್ರಿ?"

"ಬೈ ಅಂದ್ರಿ, ಬೈದೆ. ನೋಡು ಅಂದಿದ್ರ ನೋಡ್ತಿದ್ದೆ," ಎಂದು ನಕ್ಕ.

ಮತ್ತೊಮ್ಮೆ ಹೋಗಿ ನೋಡಿಸಬಹುದಿತ್ತು. ಆಗ ಹೆಂಡತಿಗೆ ಎಲ್ಲ ಹೇಳಬೇಕಾಗುತ್ತಿತ್ತು. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಬೇರೆಯವರು ಕೊಂಡರು. ಕೆಡವಿ ಹೊಸದು ಕಟ್ಟಿದರು.

ಒಂದು ಮದುವೆಗೆ ಹೋದಾಗ ಆ ಹೊಸ ಮನೆ ನೋಡಿದೆವು. "ನೋಡ್ರಿ, ಕೆಡವೇ ಕಟ್ಟ್ಯಾರ," ಎಂದಳು ಹೆಂಡತಿ. "ಉಸ್ತಾದ್ ಖರೇ ಹೇಳಿದ್ದ. ನೀವ್ ಕರ್ಕೊಂಡು ಹೋಗಿದ್ದು ಛಲೋ ಆತು."

ಹೂಂ ಎಂದೆ. ಈಗ ಇರುವುದು ಐದನೆಯ ಬಾಡಿಗೆ ಮನೆ.

ಅವರು ಕೆಡವಿದ್ದು ಗೋಡೆ ಕೊಳೆತದ್ದಕ್ಕೋ, ಹೊಸದು ಬೇಕೆಂದೋ, ನನಗೆ ಗೊತ್ತಿಲ್ಲ. ತಟ್ಟಿದಾಗ ಬಂದ ಸದ್ದು ಪೊಳ್ಳೋ ಗಟ್ಟಿಯೋ ಎಂಬುದೂ ನೆನಪಿಲ್ಲ.