ರುದ್ರವ್ವ ಹಕ್ಕಿಗಳಿಗೆ ಇಟ್ಟ ಹೆಸರುಗಳು

ತಿಕೋಟಾದಲ್ಲಿ ರುದ್ರವ್ವನ ದನಿ ಕೇಳಿದವರು ಬಹಳ ಕಡಿಮೆ. ಅಂಗಡಿಗೆ ಹೋದರೆ ಬೇಕಾದ ಸಾಮಾನನ್ನು ಬೆರಳಿನಿಂದ ತೋರಿಸುತ್ತಿದ್ದಳು. ವಿಜಯಪುರದ ಬಸ್ಸಿನಲ್ಲಿ ಕಂಡಕ್ಟರ್ "ಎಲ್ಲಿಗಿ ಬೇ?" ಎಂದರೆ ಪಕ್ಕದಲ್ಲಿ ಕೂತವರು ಅವಳ ತುಟಿ ನೋಡಿ ಊರ ಹೆಸರು ಹೇಳಬೇಕಾಗುತ್ತಿತ್ತು. ಮನೆಯಲ್ಲಿ ಅವಳು ಆಡುತ್ತಿದ್ದದ್ದು ಒಂದೇ ಮಾತು, "ಹೂಂರಿ." ಅದನ್ನೂ ಒಲೆಯ ಕಡೆ ಮುಖ ಮಾಡಿ ಹೇಳುತ್ತಿದ್ದಳು.

ಅತ್ತೆ ಕಾಶಿಬಾಯಿ ಓಣಿಯ ಹೆಂಗಸರ ಮುಂದೆ, "ನಮ್ಮ ಸೊಸಿಗಿ ದೇವರು ಬಾಯಿ ಕೊಟ್ಟಾನ, ಆದ್ರ ಬರೇ ಉಣ್ಣಾಕ ಕೊಟ್ಟಾನ" ಎನ್ನುತ್ತಿದ್ದಳು. ದೂರಿದಂತೆ ಕೇಳಿಸಿದರೂ ಅದರಲ್ಲಿ ಹೆಮ್ಮೆಯೇ ಹೆಚ್ಚು. "ಅಕಿಗಿ ಬಾಯಿ ಬಂದ ದಿನ ಕೂಲಿ ಬಿಡಿಸಿ ಮನ್ಯಾಗ ಕುಂಡ್ರಸ್ತೀನಿ" ಎಂಬುದೂ ಅವಳ ಮಾತೇ.

ಇಂಥ ರುದ್ರವ್ವ ಮಾಡುತ್ತಿದ್ದ ಕೂಲಿ ಕೂಗುವುದು.

ಬೇಸಿಗೆ ಶುರುವಾಗಿ ದ್ರಾಕ್ಷಿಗೆ ಸಿಹಿ ಇಳಿಯುವ ಹೊತ್ತಿಗೆ ಅವಳು ಸಿದ್ದರಾಮ ಸಾಹುಕಾರರ ತೋಟದಲ್ಲಿ ಹಕ್ಕಿ ಕಾಯಲು ಹೋಗುತ್ತಿದ್ದಳು. ದ್ರಾಕ್ಷಿ ಚಪ್ಪರದ ಮೇಲಕ್ಕೆ ತಲೆ ಕಾಣುವಷ್ಟು ಎತ್ತರದ ಅಟ್ಟಣಿಗೆ ಅಲ್ಲಿತ್ತು. ಅದರ ಮೇಲೆ ನಿಂತು ಎಣ್ಣೆಯ ಖಾಲಿ ಡಬ್ಬಿ ಬಡಿಯುತ್ತ "ಹೋ! ಹೋ!" ಎನ್ನುವುದು ಕೆಲಸ. ಮೊದಮೊದಲು ಅವಳ ಹೋ ಹೋ ಅವಳಿಗೇ ಕೇಳಿಸುತ್ತಿರಲಿಲ್ಲ. ಹಕ್ಕಿಗಳು ಅವಳ ಮುಖ ನೋಡಿಕೊಂಡೇ ದ್ರಾಕ್ಷಿ ತಿನ್ನುತ್ತಿದ್ದವು.

ಒಂದು ದಿನ ಅತ್ತೆ ಬೇಳೆಗೆ ಉಪ್ಪು ಹೆಚ್ಚಾಯಿತೆಂದು ಓಣಿಯ ತುಂಬ ಹೇಳಿಕೊಂಡು ಬಂದಿದ್ದಳು. ಮರುದಿನ ತೋಟದಲ್ಲಿ ಒಂದು ಗಿಳಿ ಕತ್ತು ಓರೆ ಮಾಡಿ, ಒಂದು ಹಣ್ಣು ಕಚ್ಚಿ, ರುಚಿಸಲಿಲ್ಲವೆಂಬಂತೆ ಬಿಸಾಡಿ ಇನ್ನೊಂದಕ್ಕೆ ಬಾಯಿ ಹಾಕಿತು. ರುದ್ರವ್ವನಿಗೆ ಅದು ಥೇಟ್ ಅತ್ತೆಯಂತೆ ಕಂಡಿತು. ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಾಯಿ ತೆರೆದಳು.

"ಏ ಅತ್ತಿ! ಬ್ಯಾಳಿಗಿ ಉಪ್ಪಾಗೈತಿ, ದ್ರಾಕ್ಷಿಗೆ ಏನಾಗೈತಿ? ಏಳು ಮ್ಯಾಲೆ!"

ಗಿಳಿಯಷ್ಟೇ ಅಲ್ಲ, ಆ ಸಾಲಿನ ಹಕ್ಕಿಗಳೆಲ್ಲ ಒಮ್ಮೆಲೇ ಎದ್ದು ಹಾರಿದವು. ರುದ್ರವ್ವ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು.

ಅಂದಿನಿಂದ ಒಂದೊಂದು ಹಕ್ಕಿಗೂ ಹೆಸರು ಸಿಕ್ಕಿತು. ಎದೆ ಉಬ್ಬಿಸಿ ನಡೆಯುವ ಗೊರವಂಕ ಸಾಹುಕಾರ. ತಲೆ ಅಲ್ಲಾಡಿಸುವ ಕಾಗೆ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ವಿದ್ಯಾವತಿ ಮೇಡಂ. ಯಾವಾಗಲೂ ಒಂದೇ ಕೊಂಬೆಯ ಮೇಲೆ ಸುಮ್ಮನೆ ಕೂತಿರುವ ಬೆಳವ ಅವಳ ಗಂಡ ಶಂಕ್ರೆಪ್ಪ. ಆದರೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ, ಎದುರಿಗಿರುವುದು ಹಕ್ಕಿಯಾದರೂ ಹೇಳುವಂತಿಲ್ಲ. ಹೀಗಾಗಿ ಮಗನ ಹೆಸರು ಹಿಡಿದು ಆ ಬೆಳವವನ್ನು "ಸಂಗುನ ಅಪ್ಪ" ಎಂದು ಕರೆಯುತ್ತಿದ್ದಳು. ಎಲ್ಲರನ್ನೂ ಬೈದು ಮುಗಿಸಿ ಸಂಜೆ ಕೆಳಗಿಳಿಯುವಾಗ ಅವಳ ಮೈ ಹತ್ತಿಯಷ್ಟು ಹಗುರಾಗಿರುತ್ತಿತ್ತು.

ಸಂಗು ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ವರ್ಷದ ಕೊನೆಗೆ ಆ ತರಗತಿಯ ಮಕ್ಕಳು ತಾವು ಮಾಡಿದ ಪ್ರಾಜೆಕ್ಟನ್ನು ಊರವರ ಮುಂದೆ ತೋರಿಸಿ ವಿವರಿಸಬೇಕಿತ್ತು. ಸಂಗುನ ಜೊತೆಯವರಾದ ಆಮ್ರಪಾಲಿ ಮತ್ತು ಸುಫಿಯಾನ ಸೇರಿ ಹಕ್ಕಿ ಓಡಿಸುವ ಪೆಟ್ಟಿಗೆ ಮಾಡಿದ್ದರು. ಅದಕ್ಕೊಂದು ಕಣ್ಣು. ಕಣ್ಣಿನ ಮುಂದೆ ಏನಾದರೂ ಅಲುಗಾಡಿದರೆ ಪೆಟ್ಟಿಗೆ ಕೂಗುತ್ತದೆ, ಅಲುಗಾಟ ನಿಂತರೆ ಸುಮ್ಮನಾಗುತ್ತದೆ. ಆದರೆ ಸೈರನ್ ಹಾಕಿದರೆ ಗಿಳಿಗಳು ಪೆಟ್ಟಿಗೆಯ ಮೇಲೆಯೇ ಬಂದು ಕೂತವು. ಸುಫಿಯಾನ ತನ್ನ ದನಿ ಹಾಕಿದರೆ ತಿರುಗಿ ಉತ್ತರ ಕೊಟ್ಟವು. ಕೊನೆಗೆ ಇಬ್ಬರೂ ತೋಟಕ್ಕೆ ಬಂದರು.

"ಕಾಕಿ, ನಿನ್ನ ದನಿ ಬೇಕ ನೋಡು," ಎಂದಳು ಆಮ್ರಪಾಲಿ.

ರುದ್ರವ್ವ ಹೂಂ ಎಂಬಂತೆ ತಲೆಯಾಡಿಸಿದಳು. ಅಟ್ಟಣಿಗೆಯ ಕಂಬಕ್ಕೆ ರೆಕಾರ್ಡಿಂಗ್ ಹಚ್ಚಿದ ಫೋನು ಕಟ್ಟಿ ಮಕ್ಕಳು ಶಾಲೆಗೆ ಹೋದರು. ಸ್ವಲ್ಪ ಹೊತ್ತು ಅವಳು ಮರ್ಯಾದೆಯಿಂದ "ಹೋ ಹೋ" ಎಂದಳು. ಆಮೇಲೆ ಫೋನು ಇರುವುದೇ ಮರೆತುಹೋಯಿತು. ನೆನಪಾದದ್ದು ಸಂಜೆ ಮಕ್ಕಳು ಅದನ್ನು ಬಿಚ್ಚಿಕೊಂಡು ಹೋದ ಮೇಲೆ. ಅವಳು ಓಡುತ್ತ ಆಮ್ರಪಾಲಿಯ ಮನೆಗೆ ಹೋದಳು.

"ಅತ್ತಿ ಕಿವಿಗಿ ಬಿತ್ತಂದ್ರ ನನ್ನ ತೋಟ ಹೋತವ್ವಾ," ಎಂದು ಪಿಸುಗುಟ್ಟಿದಳು. "ಮತ್ತ ಎಲ್ಲಿ ಒದರ್ಲಿ ನಾನು?"

ಆಮ್ರಪಾಲಿ ಫೋನಿನಲ್ಲಿದ್ದದ್ದನ್ನೆಲ್ಲ ಆಗಲೇ ಕೇಳಿದ್ದಳು. ನಗುವನ್ನು ಕಷ್ಟಪಟ್ಟು ನುಂಗಿ ಹೇಳಿದಳು. "ಹೆದರಬ್ಯಾಡ ಕಾಕಿ. ಬೈಗುಳ ಹಕ್ಕಿಗಷ್ಟ. ಸಾಲ್ಯಾಗ ಬರೇ ಮೊದಲಿನ ಹೋ ಹೋ ಕೇಳಸ್ತೀವಿ. ಒಬ್ಬರು ಮುಂದ ಬಂದು ಒಮ್ಮಿ ಕೈ ಆಡಿಸಿದ್ರ ಅಷ್ಟ ಬರತೈತಿ."

ಪ್ರಾಜೆಕ್ಟು ತೋರಿಸುವ ದಿನ ಶಾಲೆಯ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ಮುಂದಿನ ಸಾಲಿನಲ್ಲಿ ಅತಿಥಿ ಸಿದ್ದರಾಮ ಸಾಹುಕಾರ, ಪಕ್ಕದಲ್ಲಿ ವಿದ್ಯಾವತಿ ಮೇಡಂ. ಅವರ ಹಿಂದೆ ಮಗನ ಪ್ರಾಜೆಕ್ಟು ನೋಡಲು ಬಂದ ಶಂಕ್ರೆಪ್ಪ ಮತ್ತು ಮೊಮ್ಮಗನಿಗಾಗಿ ಬಂದ ಕಾಶಿಬಾಯಿ. ರುದ್ರವ್ವ ಎಲ್ಲರಿಗಿಂತ ಹಿಂದೆ, ಕಂಬದ ಮರೆಗೆ. ಸಂಗು ರಟ್ಟಿನಿಂದ ಗೋಳಗುಮ್ಮಟ ಮಾಡಿದ್ದ. ಅದರ ಮುಂದೆ ಏನು ಹೇಳಿದರೂ ಪ್ರತಿಧ್ವನಿ ಬರುತ್ತಿತ್ತು, ಯಾಕೆಂದರೆ ಸಂಗು ಒಳಗೆ ಕೂತು ತಿರುಗಿ ಹೇಳುತ್ತಿದ್ದ. ಅದರ ಪಕ್ಕದ ಮೇಜಿನ ಮೇಲೆಯೇ ಪೆಟ್ಟಿಗೆ.

ಆಮ್ರಪಾಲಿ ಪೆಟ್ಟಿಗೆಯ ಮುಂದೆ ದ್ರಾಕ್ಷಿ ಗೊನೆ ಇಟ್ಟು, "ಹಕ್ಕಿ ಬಾಯಿ ಹಾಕೂದ ತಡ, ಇದು ಓಡಸತೈತ್ರಿ" ಎಂದಳು. ಸಾಹುಕಾರರು ನಗುತ್ತ ಎದ್ದು ಬಂದು ಒಂದು ಹಣ್ಣು ಕಿತ್ತರು.

"ಹೋ! ಹೋ!" ಎಂದಿತು ಪೆಟ್ಟಿಗೆ.

"ಹೋ ಹೋ ಹೋ," ಎಂದಿತು ಗುಮ್ಮಟ.

ಜನ ಚಪ್ಪಾಳೆ ತಟ್ಟಿದರು. ತಪ್ಪಾದದ್ದು ಅಲ್ಲೇ. ಅಷ್ಟೊಂದು ಕೈಗಳು ಅಲುಗಾಡಿದ್ದನ್ನು ಕಂಡ ಪೆಟ್ಟಿಗೆ, ಹಕ್ಕಿಗಳ ಹಿಂಡೇ ಇಳಿಯಿತೆಂದು ತಿಳಿದು ಹೋ ಹೋ ದಾಟಿ ಮುಂದೆ ಹೋಯಿತು.

"ಏ ಸಾಹುಕಾರ! ತಿನ್ನಾಕ ಮುಂದ, ಚಾ ಕೊಡಾಕ ಹಿಂದ! ನಿನ್ನ ಚಾದಾಗ ಕಪ್ಪಿನ ತಳ ಕಾಣತೈತಲ್ಲೋ!"

"ತಳ ಕಾಣತೈತಲ್ಲೋ, ಲ್ಲೋ, ಲ್ಲೋ," ಎಂದಿತು ಗುಮ್ಮಟ.

ಸಾಹುಕಾರರ ಬಾಯಲ್ಲಿದ್ದ ದ್ರಾಕ್ಷಿ ಅಲ್ಲೇ ನಿಂತಿತು. ಮೇಡಂ, "ಮೊದಲು ಅದನ್ನ ಆರಿಸ್ರೋ!" ಎಂದರು.

"ಆಗೂದಿಲ್ಲರಿ ಮೇಡಂ," ಎಂದ ಸುಫಿಯಾನ. "ತೋಟದಾಗ ಯಾರೂ ಆರಿಸಬಾರದಂತ ಸ್ವಿಚ್ಚು ಒಳಗಿಟ್ಟು ಸ್ಕ್ರೂ ಬಿಗದೀವಿ. ಯಾರೂ ಅಲುಗಾಡಬ್ಯಾಡ್ರಿ! ಅಲುಗಾಡಿದ್ರ ಬೈತೈತಿ!"

ಪೆಂಡಾಲು ಕಲ್ಲಾಯಿತು. ಸಾಹುಕಾರರು ಕೈ ಮುಂದೆ ಚಾಚಿದಂತೆಯೇ ನಿಂತರು. ಅಷ್ಟರಲ್ಲಿ ಒಂದು ನೊಣ ಬಂದು ಮೇಡಂ ಮೂಗಿನ ಮೇಲೆ ಕೂತಿತು. ಅವರು ಬಹಳ ಹೊತ್ತು ತಡೆದು ನೋಡಿದರು. ಕೊನೆಗೆ ಕೈ ಎದ್ದೇಬಿಟ್ಟಿತು.

"ಏ ವಿದ್ಯಾವತಿ ಮೇಡಂ! ಸಂಗು ಎಂಟನೇದು ಪಾಸಾದ್ರ ವಿಜಯಪುರತನಾ ನಡಕೋಂತ ಹೋಗ್ತೀನಿ ಅಂದಿದ್ರಿ. ಪಾಸಾಗ್ಯಾನ! ಎಂದು ನಡೀತೀರಿ?"

"ಎಂದು ನಡೀತೀರಿ, ಡೀತೀರಿ, ತೀರಿ," ಎಂದಿತು ಗುಮ್ಮಟ.

ಕಂಬದ ಹಿಂದೆ ರುದ್ರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಆದರೆ ಆಶ್ಚರ್ಯವೆಂದರೆ ಯಾರೂ ಅವಳ ಕಡೆ ತಿರುಗಲಿಲ್ಲ. ಆ ದನಿ ಅವಳದೆಂದು ಯಾರಿಗೂ ಗೊತ್ತಾಗಲಿಲ್ಲ. ಎಂದಾದರೂ ಕೇಳಿದ್ದರೆ ತಾನೆ? ಊರಲ್ಲಿ ಸಂಗುಗಳೂ ಬಹಳ ಮಂದಿ ಇದ್ದರು.

"ಯಾವಾಕಿ ಬೇ ಅಕಿ?" ಎಂದಳು ಕಾಶಿಬಾಯಿ, ತಲೆ ಅಲ್ಲಾಡಿಸುತ್ತ. "ದನಿ ಭಾಳ ಚಲೋ ಐತಿ."

ಅಲುಗಾಡಿದ ಆ ತಲೆಗೆ ಪೆಟ್ಟಿಗೆ ಉತ್ತರ ಕೊಟ್ಟಿತು. "ಏ ಅತ್ತಿ! ಬ್ಯಾಳಿಗಿ ಉಪ್ಪಾಗೈತಿ, ದ್ರಾಕ್ಷಿಗೆ ಏನಾಗೈತಿ? ಏಳು ಮ್ಯಾಲೆ!"

"ಅಯ್ಯ, ಯಾರ ಮನ್ಯಾಗೋ ನಮ್ಮ ಮನ್ಯಾಗಿನಂಗಽ ಆಗೈತಿ ನೋಡು," ಎಂದಳು ಕಾಶಿಬಾಯಿ.

ಶಂಕ್ರೆಪ್ಪನಿಗೆ ನಗು ತಡೆಯಲಾಗಲಿಲ್ಲ. ತನ್ನ ಹೆಸರಂತೂ ಬಂದಿಲ್ಲ ಎಂಬ ಧೈರ್ಯ ಬೇರೆ. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿ.

"ಸಂಗುನ ಅಪ್ಪಾ!" ಎಂದಿತು ಪೆಟ್ಟಿಗೆ. "ಕುಂತಲ್ಲೇ ಎಷ್ಟೊತ್ತು ಕುಂಡ್ರತೀರಿ? ಬಚ್ಚಲಕ್ಕ ಬಾಗಿಲ ಯಾವಾಗ ಹಚ್ಚತೀರಿ? ಗೋಣಿಚೀಲ ಹಿಡಕೊಂಡು ಜಳಕಾ ಮಾಡಿ ಸಾಕಾಗೈತ್ರಿ!"

"ಸಂಗುನ ಅಪ್ಪಾ, ಅಪ್ಪಾ..." ಎಂದು ಶುರು ಮಾಡಿದ ಗುಮ್ಮಟ ನಡುವೆಯೇ ನಿಂತಿತು. ರಟ್ಟಿನ ತುದಿ ಹರಿದು ಸಂಗು ತಲೆ ಹೊರಗೆ ಹಾಕಿದ. ಗೋಣಿಚೀಲದ ಬಚ್ಚಲು ಊರಲ್ಲಿ ಒಂದೇ ಇತ್ತು, ಅದು ಅವನ ಮನೆಯದು.

"ಯವ್ವಾ! ನೀನಽ ಏನ?"

ಪೆಂಡಾಲೆಲ್ಲ ತಿರುಗಿತು. ಕಂಬ ಬಹಳ ತೆಳ್ಳಗಿತ್ತು.

ಕಾಶಿಬಾಯಿ ಒಂದು ಮಾತೂ ಆಡದೆ ಎದ್ದು ಮನೆಗೆ ಹೋದಳು. ಮನೆಯಲ್ಲೂ ಆಡಲಿಲ್ಲ. ಆ ಮನೆಯಲ್ಲಿ ಅತ್ತೆ ಸುಮ್ಮನಿದ್ದದ್ದು ಅದೇ ಮೊದಲು. ರುದ್ರವ್ವ ಇಂದೇ ಕೊನೆ ಎಂದುಕೊಂಡು ಬೆಳಿಗ್ಗೆ ತೋಟಕ್ಕೆ ಹೋಗಿ ಅಟ್ಟಣಿಗೆ ಹತ್ತಿದಳು. ಬಾಯಿ ತೆರೆದರೆ ದನಿ ಬರಲಿಲ್ಲ. ಹಕ್ಕಿಗಳು ಆರಾಮವಾಗಿ ಉಣ್ಣುತ್ತಿದ್ದವು.

ಕೆಳಗೆ ಸಾಹುಕಾರರು ಚಹಾದ ಥರ್ಮಾಸು ಹಿಡಿದು ಬಂದರು. "ಬಯ್ಯ ಬೇ ರುದ್ರವ್ವಾ! ನನ್ನ ಹೆಸರಿನ ಗೊರವಂಕನಽ ಮೊದಲ ಬಯ್ಯ, ಅದಽ ಭಾಳ ತಿನ್ನಾಕತ್ತೈತಿ. ಹಾಲು ಗಟ್ಟಿ ಹಾಕಸೇನಿ ಇವತ್ತ."

ಅಷ್ಟರಲ್ಲಿ ಅಟ್ಟಣಿಗೆಯ ಏಣಿ ಕಿರ್ರೆಂದಿತು. ಉಬ್ಬಸ ಪಡುತ್ತ ಕಾಶಿಬಾಯಿ ಮೇಲೆ ಬಂದಳು.

"ನಾನು ಯಾವುದು?"

ರುದ್ರವ್ವ, ಅಂಗಡಿಯಲ್ಲಿ ತೋರಿಸುವಂತೆ, ಬೆರಳಿನಿಂದ ಗಿಳಿಯನ್ನು ತೋರಿಸಿದಳು.

ಕಾಶಿಬಾಯಿ ಅದನ್ನೇ ನೋಡುತ್ತ ನಿಂತಳು. "ಚಂದ ಐತಲ್ಲ," ಎಂದಳು. ಆಮೇಲೆ ತುದಿಯ ಕಂಬಿಯ ಮೇಲೆ ಮುದುಡಿ ಕೂತ ಒಂದು ಗುಬ್ಬಿಯನ್ನು ಹುಡುಕಿ, ಸೊಸೆಯ ಕೈಯಿಂದ ಡಬ್ಬಿ ಕಸಿದುಕೊಂಡು ಬಡಿದಳು. "ಏ ರುದ್ರವ್ವಾ! ಇಷ್ಟು ವರ್ಷ ಬಾಯಿ ಎಲ್ಲಿ ಮುಚ್ಚಿಟ್ಟಿದ್ದಿ ಬೇ? ನಾ ಒಬ್ಬಾಕೀನ ಮಾತಾಡಿ ಮಾತಾಡಿ ಸತ್ತೆ! ಏಳು!"

ಗುಬ್ಬಿ ಹಾರಿತು. ರುದ್ರವ್ವ ಒಂದು ಗಳಿಗೆ ಅತ್ತೆಯ ಮುಖ ನೋಡಿದಳು. ಆಮೇಲೆ ಗಿಳಿಯ ಕಡೆ ತಿರುಗಿ, ಸೆರಗು ಸಿಗಿಸಿಕೊಂಡು, ಉಸಿರು ತುಂಬಿಕೊಂಡಳು.

"ಏ ಅತ್ತಿ!"

ಅದು ಊರೊಳಗೂ ಕೇಳಿಸಿತು. ಶಂಕ್ರೆಪ್ಪ ಬಚ್ಚಲಿನ ಮುಂದೆ ಬಾಗಿಲು ಹಚ್ಚುತ್ತ ಕೂತಿದ್ದ. ದನಿ ಕೇಳಿದ್ದೇ ಗಾಬರಿಯಲ್ಲಿ ಬಾಗಿಲು ಹೇಗಿತ್ತೋ ಹಾಗೆಯೇ ಮೊಳೆ ಹೊಡೆದುಬಿಟ್ಟ. ಆ ಮನೆಯ ಬಚ್ಚಲಿನ ಬಾಗಿಲು ಇವತ್ತಿಗೂ ತಲೆಕೆಳಗಾಗಿಯೇ ಇದೆ.