ಗಡಿ ಕೇಸಿನ ದಿನ

ಗಡಿ ಕೇಸು ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬರುವ ದಿನ ಖಾನಾಪುರದ ಪೇಟೆ ಬಿಕೋ ಎನ್ನುತ್ತಿತ್ತು. ಬೆಳಗಾವಿಯ ಬಸ್ಸು ಬಂದಿರಲಿಲ್ಲ. ನಾನು ಹೊಲಿಗೆ ಅಂಗಡಿ ತೆರೆದಾಗ ಪಕ್ಕದ ಬಳೆ ಅಂಗಡಿಯ ಮರಾಠಿ ಆಯಿ ಒಳಗೆ ಬಂದರು.

“ತಂಗಿ, ಆ ಜಡ್ಜ್ ಸಾಹೇಬರು ನಮ್ಮೂರು ನೋಡ್ಯಾರೇನು?”

“ಇಲ್ಲರಿ ಆಯಿ, ನೋಡಿರಲಿಕ್ಕಿಲ್ಲ.”

“ಮತ್ತ ನಾವು ಯಾವ ಕಡಿಯವರಂತ ಹೆಂಗ ಹೇಳ್ತಾರ?”

ಅಷ್ಟರಲ್ಲಿ “ಅಂಗಡಿ ಬಂದ್ ಮಾಡ್ರಿ” ಎಂದು ಕೂಗುತ್ತಾ ಗುಂಪೊಂದು ಬಂತು. ಶಟರ್ ಇಳಿಸಿದೆ. ಕಲ್ಲೊಂದು ಅದಕ್ಕೆ ಬಡಿಯಿತು. ಆಯಿ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು.

ಮೊಬೈಲಿನಲ್ಲಿ ಸುದ್ದಿ ಬಂತು, ವಿಚಾರಣೆ ಮುಂದಕ್ಕೆ ಹೋಗಿದೆ ಎಂದು. ಓದಿ ಹೇಳಿದೆ.

“ಅಂದ್ರ ಇದು ಮತ್ತ ಆಗತೈತಿ,” ಎಂದರು ಆಯಿ.

ಗುಂಪು ದಾಟಿದ ಮೇಲೆ ಆಯಿ ತಮ್ಮ ಅಂಗಡಿಯ ಗಾಜಿನ ಬಳೆಗಳನ್ನೆಲ್ಲ ಗಂಟು ಕಟ್ಟಿ ಮನೆಗೆ ಒಯ್ದರು.