ಅವ್ವ ಬಾವಿಗೆ ಇಳಿದ ದಿನ

ಘಟ್ಟದ ಮೇಲೆ ಎಂಟು ಖೋಲಿಯ ಹೋಟೆಲೊಂದನ್ನು ನಡೆಸಲು ಹಿಡಿದಾಗ ನಾನು ಮೊದಲು ಮಾಡಿದ ಕೆಲಸ, ಬಾಗಿಲಿಗೆ ‘ಪರಿಸರಸ್ನೇಹಿ’ ಎಂಬ ಬೋರ್ಡು ಹಾಕಿದ್ದು. ಪ್ಲಾಸ್ಟಿಕ್ ಬಾಟಲಿ ಬಿಟ್ಟೆ, ಬಿಸಿನೀರಿಗೆ ಸೋಲಾರ್ ಕೂರಿಸಿದೆ. ನಮ್ಮೂರು ಸದಲಗಾಕ್ಕೆ ಹೋದಾಗಲೆಲ್ಲ ಇದನ್ನೇ ಕೊಚ್ಚಿಕೊಂಡೆ. ಕೇಳಿ ಕೇಳಿ ಸಾಕಾಗಿ ಅವ್ವ ಒಮ್ಮೆ ನೋಡಲು ಬಂದಳು. ಮಳೆಗಾಲ ಮುಗಿದಿತ್ತು, ಮರುದಿನ ಮೊದಲ ಪ್ರವಾಸಿಗರು ಬರುವವರಿದ್ದರು.

ನಾವು ಜೈನರು, ಅವ್ವ ಸೋಸದ ನೀರು ಕುಡಿದವಳಲ್ಲ. ಬಂದವಳೇ ಬಿಳಿ ಬಟ್ಟೆಯನ್ನು ಎರಡು ಪದರ ಮಾಡಿ ನಲ್ಲಿಯ ನೀರು ಸೋಸಿದಳು. ಬಟ್ಟೆಯಲ್ಲಿ ಉಳಿದದ್ದನ್ನು ಇನ್ನೊಂದು ತಂಬಿಗೆಗೆ ತೊಳೆದುಕೊಂಡು ಕೇಳಿದಳು:

"ಇದು ಯಾವ ಬಾವಿ ನೀರು?"

"ಕೆಳಗ ಐತಿ. ಅದನ್ನ ಮೋರ್ಯಾಗ ಚೆಲ್ಲಿ ಬಿಡ ಬೇ."

"ಮೋರ್ಯಾಗ ಹಾಕಿದ್ರ ಅದರಾಗಿನ ಜೀವ ಸಾಯ್ತಾವ. ಬಂದ ನೀರಿಗೇ ತಿರುಗಿ ಬಿಡಬೇಕು. ಅಲ್ಲೀತನಾ ನಾ ಕುಡ್ಯಾಂಗಿಲ್ಲ."

ದಾರಿಯುದ್ದಕ್ಕೂ ನೀರು ಮುಟ್ಟಿರಲಿಲ್ಲ. ಹೊತ್ತು ಮುಳುಗಿದರೆ ಬಾಯಿಗೆ ಹನಿಯನ್ನೂ ಹಾಕುವವಳಲ್ಲ. ನನಗೆ ಸಿಟ್ಟೇ ಬಂತು. ಪಂಪು ಕೂರಿಸಿದ ಮೇಲೆ ನಾನೇ ಆ ಬಾವಿಯತ್ತ ಕಾಲಿಟ್ಟಿರಲಿಲ್ಲ. ಗೊಣಗುತ್ತ ಅವಳ ಕೈಹಿಡಿದು ಇಳಿಜಾರು ಇಳಿಸಿದೆ.

ಅರ್ಧ ದಾರಿಯಲ್ಲಿ ಅವ್ವ ನಿಂತಳು. "ಇಲ್ಲಿ ಯಾಕಲೇ ಸಾಬಾಣದ ವಾಸನಿ?"

ಮಳೆಗೆ ಮಣ್ಣು ಕುಸಿದು ಬಚ್ಚಲ ಪೈಪಿನ ಜೋಡು ಬಿಟ್ಟಿತ್ತು. ಅಂದು ಮುಂಜಾನೆ ಹಾಸಿಗೆಯ ಚಾದರ ಒಗೆದ ನೀರೆಲ್ಲ ನೊರೆನೊರೆಯಾಗಿ ಹರಿದು, ಬಾವಿಗೆ ಹತ್ತು ಹೆಜ್ಜೆ ದೂರದ ತಗ್ಗಿನಲ್ಲಿ ತುಂಬಿ ನಿಂತಿತ್ತು. ಕೆಳಗಿನ ವಾಡಿಯ ಜನರೂ ಅದೇ ಬಾವಿಯ ನೀರು ಕುಡಿಯುತ್ತಿದ್ದರು. ಮೇಲೆ ಥಳಕು, ಒಳಗೆ ಹುಳುಕು ಎನ್ನುವ ಮಾತು ನನ್ನ ಬೋರ್ಡಿಗೇ ಹೇಳಿ ಮಾಡಿಸಿದಂತಿತ್ತು.

ಹೋಟೆಲಿನ ಹುಡುಗರಿಗೆ ಕೂಗಿ ಹೇಳಿ ಮೇಲಿನ ನೀರು ನಿಲ್ಲಿಸಿದೆ. ಗುದ್ದಲಿ ತಂದು ಕಾಲುವೆ ಕಡಿದು ತಗ್ಗಿನ ನೀರನ್ನು ಆಚೆಗೆ ಹರಿಯಬಿಟ್ಟೆ. ಆಮೇಲೆ ಹೆದರುತ್ತಲೇ ಬಾವಿಗೆ ಬಗ್ಗಿದೆ. ತಳದ ಕಲ್ಲು ಕಾಣುತ್ತಿತ್ತು, ನೊರೆಯ ಸುಳಿವಿರಲಿಲ್ಲ. ಸದ್ಯ, ಬದುಕಿದೆ ಎಂದುಕೊಂಡೆ. ಇನ್ನೊಂದು ವಾರ ಹೋಗಿದ್ದರೆ ಏನಾಗುತ್ತಿತ್ತೋ. ಅವ್ವ ಮೆಟ್ಟಿಲಿಳಿದು, ತಂಬಿಗೆಯನ್ನು ನೀರಿಗೆ ತಾಕಿಸಿ ಮೆಲ್ಲಗೆ ಬಗ್ಗಿಸಿದಳು.

ಮೇಲೆ ಬಂದು, ಪೈಪು ಸರಿಯಾಗುವ ತನಕ ಬರಬೇಡಿ ಎಂದು ಪ್ರವಾಸಿಗರಿಗೆ ಫೋನ್ ಮಾಡಿದೆ. ಬೋರ್ಡು ಬಿಚ್ಚಿ ಅಡುಗೆಮನೆಯಲ್ಲಿಟ್ಟೆ. ಅವ್ವ ಸೋಸಿಟ್ಟ ನೀರನ್ನು ಮುಂದಿಟ್ಟುಕೊಂಡು ಕೂತಿದ್ದಳು.

"ಈಗ ಹೇಳ, ಕುಡೀಲೇನು?"

ಮೊದಲು ನಾನೇ ತಂಬಿಗೆ ಎತ್ತಿ ಒಂದು ಗುಟುಕು ಕುಡಿದು ನೋಡಿದೆ.

"ಕುಡಿ ಬೇ," ಎಂದೆ.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ಅವ್ವ ತಂಬಿಗೆ ಬರಿದಾಗುವ ತನಕ ಕುಡಿದಳು.